ಶ್ವಾಸಕೋಶದ ಕುಸಿತವೂ ನಲವತ್ತು ಕಿಲೋಮೀಟರಿನ ಹಾದಿಯೂ

ಉಗ್ರವಾದ ವೈರಾಣುಜ್ವರವೊಂದು ನಾಡನ್ನು ಹೊಕ್ಕು ಹೊರಟುಹೋದ ಮೇಲೆ ನಾವು ಎಣಿಸುವುದು ಸತ್ತವರೆಷ್ಟು, ಬದುಕಿದವರೆಷ್ಟು ಎಂಬುದನ್ನು ಮಾತ್ರ. ಆದರೆ ಈ ಎರಡು ಪಂಗಡಗಳ ನಡುವೆ, ಜ್ವರವನ್ನು ಗೆದ್ದು, ಮೂಗಿನ ಆಮ್ಲಜನಕದ ನಳಿಕೆಯನ್ನು ಕಳಚಿಸಿಕೊಂಡು, ಇನ್ನೇನು ಚೇತರಿಸಿಕೊಂಡರೆಂದು ಮನೆಮಂದಿ ನಿಟ್ಟುಸಿರು ಬಿಡುತ್ತಿರುವಾಗಲೇ ಹಠಾತ್ತಾಗಿ ಉಸಿರು ಕಟ್ಟಿ ಪ್ರಾಣಾಪಾಯಕ್ಕೆ ಸಿಲುಕುವ ಒಂದು ಸಣ್ಣ ಗುಂಪು ಉಂಟು. ಆ ಗುಂಪಿನವರಲ್ಲಿ ಹಲವರನ್ನು ಉಳಿಸತಕ್ಕ ವಿದ್ಯೆ ನೂರು ವರ್ಷಗಳಿಂದ ವೈದ್ಯಲೋಕಕ್ಕೆ ಕರತಲಾಮಲಕವಾಗಿದೆ. ಆ ವಿದ್ಯೆಗೆ ಬೇಕಾದ ಸಲಕರಣೆಯೋ ಒಂದು ಸೂಜಿ, ಒಂದು ಕೊಳವೆ, ನೀರು ತುಂಬಿದ ಒಂದು ಬಾಟಲಿ, ಇಷ್ಟೇ. ಇಷ್ಟಿದ್ದರೂ ಈ ವಿಷಯ ನಮ್ಮ ಸಾರ್ವಜನಿಕ ಚರ್ಚೆಯಲ್ಲಿ ಎಲ್ಲಿಯೂ ಸ್ಥಾನ ಪಡೆಯದೆ ಉಳಿದಿರುವುದರಿಂದ, ಹಾಸನ ಸೀಮೆಯನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡು ನಾಲ್ಕು ಮಾತುಗಳನ್ನು ಹೇಳುವುದು ಕರ್ತವ್ಯವೆಂದು ಭಾವಿಸಿದ್ದೇನೆ.

ಹಾಸನದವರಿಗೆ ಇದು ದೂರದ ಮಾತಲ್ಲ. ೨೦೨೦ರ ಮೇ ತಿಂಗಳ ಎರಡನೆಯ ವಾರದವರೆಗೆ ಒಂದೂ ಕೋವಿಡ್ ಪ್ರಕರಣವಿಲ್ಲದೆ ಹಸಿರು ವಲಯವೆನಿಸಿಕೊಂಡಿದ್ದ ಈ ಜಿಲ್ಲೆಯಲ್ಲಿ ಸೋಂಕು ಮೊದಲು ಕಾಣಿಸಿಕೊಂಡದ್ದು, ಹೊಟ್ಟೆಪಾಡಿಗೆ ಮುಂಬಯಿ ಸೇರಿ ಅಲ್ಲಿಂದ ಚನ್ನರಾಯಪಟ್ಟಣದ ಕಡೆಗೆ ಹಿಂದಿರುಗಿದವರಲ್ಲಿ. ಮರುವರ್ಷದ ಬೇಸಗೆಯಲ್ಲಿ, ರಾಜ್ಯವೆಲ್ಲ ಸೇರಿ ಒಂದೇ ದಿನಕ್ಕೆ ಐವತ್ತು ಸಾವಿರಕ್ಕೂ ಮೀರಿ ಹೊಸ ಸೋಂಕಿತರು ದಾಖಲಾದ ಆ ಮೇ ತಿಂಗಳಲ್ಲಿ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಹಳ್ಳಿಹಳ್ಳಿಯಲ್ಲಿಯೂ ‘ಸ್ಯಾಚುರೇಷನ್ ಎಷ್ಟಿದೆ’ ಎಂಬ ಪ್ರಶ್ನೆ ಕುಶಲಪ್ರಶ್ನೆಯ ಸ್ಥಾನವನ್ನು ಆಕ್ರಮಿಸಿತು. ಜೂನ್ ತಿಂಗಳಲ್ಲಿ ಉಳಿದ ಜಿಲ್ಲೆಗಳಿಗೆ ನಿರ್ಬಂಧ ಸಡಿಲಗೊಂಡಾಗಲೂ ಬಿಗಿ ಬಿಡದೆ ಉಳಿದ ೧೧ ಜಿಲ್ಲೆಗಳ ಪಟ್ಟಿಯಲ್ಲಿ ಹಾಸನದ ಹೆಸರಿತ್ತು. ಅದಾದ ಎರಡು ವರ್ಷಕ್ಕೆ, ೨೦೨೩ರ ಮಾರ್ಚಿಯಲ್ಲಿ, ಎಚ್‌೩ಎನ್‌೨ ಎಂಬ ಇನ್‌ಫ್ಲುಯೆಂಜಾ ತಳಿಯಿಂದ ರಾಜ್ಯದಲ್ಲಿ ಆ ವರ್ಷ ಸಂಭವಿಸಿದ ಮೊದಲ ಸಾವು ವರದಿಯಾದದ್ದೂ ಇದೇ ಜಿಲ್ಲೆಯಿಂದ. ಕೋವಿಡ್ ಮುಗಿದ ಅಧ್ಯಾಯವೆಂದು ನಂಬಿ ಕುಳಿತರೂ ವೈರಾಣು ನ್ಯುಮೋನಿಯಾ ಮುಗಿದ ಅಧ್ಯಾಯವಲ್ಲವೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ.

ಶ್ವಾಸಕೋಶ, ಅಂದರೆ ಪುಪ್ಪುಸ, ಕುಸಿಯುವುದೆಂದರೇನೆಂಬುದನ್ನು ಮೊದಲು ವಿಶದಪಡಿಸಬೇಕು. ಪುಪ್ಪುಸಗಳೆರಡನ್ನೂ ಒಂದೊಂದು ತೆಳುವಾದ ಪೊರೆ ಹೊದ್ದಿಕೊಂಡಿರುತ್ತದೆ, ಎದೆಗೂಡಿನ ಒಳಮೈಗೆ ಇನ್ನೊಂದು ಪೊರೆ ಅಂಟಿಕೊಂಡಿರುತ್ತದೆ. ಈ ಎರಡರ ನಡುವೆ ಇರುವುದು ತೇವದ ಲೇಪವೇ ಹೊರತು ಗಾಳಿಯಲ್ಲ. ಅಲ್ಲಿನ ಒತ್ತಡ ಹೊರಗಿನ ವಾತಾವರಣದ ಒತ್ತಡಕ್ಕಿಂತ ತುಸು ಕಡಮೆಯಾಗಿರುವುದರಿಂದಲೇ, ಸ್ವಭಾವತಃ ಒಳಕ್ಕೆ ಮುದುಡಿಕೊಳ್ಳಲು ಹವಣಿಸುವ ಶ್ವಾಸಕೋಶವು ಹಿಗ್ಗಿದ ಸ್ಥಿತಿಯಲ್ಲಿ ನಿಂತಿರುತ್ತದೆ. ಪುಪ್ಪುಸದ ಮೈಯಲ್ಲಿ ಒಂದು ಸಣ್ಣ ಬಿರುಕು ಬಿಟ್ಟು, ಅದರ ಮೂಲಕ ಗಾಳಿ ಸೋರಿ ಈ ಎರಡು ಪೊರೆಗಳ ನಡುವೆ ಸೇರಿಕೊಂಡಿತೆಂದರೆ, ಹಿಗ್ಗಿಸಿ ನಿಲ್ಲಿಸಿದ್ದ ಬಲ ಇಲ್ಲವಾಗಿ ಶ್ವಾಸಕೋಶ ತನ್ನಷ್ಟಕ್ಕೆ ತಾನು ಕುಗ್ಗುತ್ತದೆ. ವೈದ್ಯರು ಇದನ್ನು ನ್ಯುಮೋಥೊರಾಕ್ಸ್ ಎಂದು ಕರೆಯುತ್ತಾರೆ. ಸೋರಿದ ಗಾಳಿ ಅತ್ಯಲ್ಪವಾದರೆ ದೇಹವೇ ಅದನ್ನು ದಿನಕ್ಕಿಷ್ಟರಂತೆ ಹೀರಿಕೊಂಡು ಸರಿಪಡಿಸಿಕೊಳ್ಳುವುದೂ ಉಂಟು. ಹೆಚ್ಚಾದರೆ ಹೊರಗಿನಿಂದ ಉಪಾಯ ಮಾಡಲೇಬೇಕು.

ವೈರಾಣು ನ್ಯುಮೋನಿಯಾದಲ್ಲಿ ಈ ಬಿರುಕು ಏಕೆ ಬೀಳುತ್ತದೆ? ರೋಗ ಉಲ್ಬಣಿಸಿದಾಗ ಪುಪ್ಪುಸದ ಅಸಂಖ್ಯಾತ ಗಾಳಿಗೂಡುಗಳ ಗೋಡೆಗಳು ಉರಿಯೂತದಿಂದ ಜರ್ಝರಿತವಾಗುತ್ತವೆ. ಕೆಲವು ಗೂಡುಗಳು ದ್ರವದಿಂದ ತುಂಬಿ ನಿಷ್ಪ್ರಯೋಜಕವಾಗುತ್ತವೆ, ಕೆಲವು ಹೆಪ್ಪುಗಟ್ಟಿದಂತೆ ಬಿರುಸಾಗುತ್ತವೆ, ಅಳಿದುಳಿದ ಕೆಲವು ಮಾತ್ರ ಇಡೀ ದೇಹದ ಉಸಿರಿನ ಭಾರವನ್ನು ಹೊತ್ತು ಮಿತಿಮೀರಿ ಹಿಗ್ಗುತ್ತವೆ. ಹಾಗೆ ಹಿಗ್ಗಿದ, ಗೋಡೆ ಸವೆದ ಗೂಡುಗಳ ಮೇಲೆ ಒಂದು ಬಲವಾದ ಕೆಮ್ಮು ಬಿದ್ದರೂ ಸಾಕು, ಒಡೆಯಬಹುದು. ಉಸಿರು ಸಾಲದ ರೋಗಿ ತನ್ನ ಸಮಸ್ತ ಶಕ್ತಿಯನ್ನೂ ಹಾಕಿ ಗಾಳಿಯನ್ನು ಎಳೆದುಕೊಳ್ಳುವಾಗ ಉಂಟಾಗುವ ಸೆಳೆತವೇ ಕೆಲವೊಮ್ಮೆ ಗೂಡುಗಳನ್ನು ಹರಿಯುತ್ತದೆ. ಬೈಪ್ಯಾಪ್, ವೆಂಟಿಲೇಟರ್ ಮುಂತಾದ ಯಂತ್ರಗಳು ಒತ್ತಡದಿಂದ ಗಾಳಿಯನ್ನು ಒಳಕ್ಕೆ ನೂಕುವುದರಿಂದ, ಪ್ರಾಣ ಉಳಿಸುವ ಅವೇ ಯಂತ್ರಗಳ ಕೆಳಗೆ ಈ ಅಪಾಯ ಇನ್ನೂ ಹೆಚ್ಚು. ಒಡೆದ ಗೂಡಿನ ಗಾಳಿ ನೇರವಾಗಿ ಪೊರೆಗಳ ನಡುವೆ ಸೇರದೆ, ರಕ್ತನಾಳಗಳ ಗುಂಟ ಹಿಂದಕ್ಕೆ ಹರಿದು, ಎದೆಯ ಮಧ್ಯಭಾಗವನ್ನು ಸೇರಿ, ಅಲ್ಲಿಂದ ಕತ್ತಿಗೆ ಏರಿ ಚರ್ಮದಡಿ ಹರಡಿಕೊಳ್ಳುವುದೂ ಉಂಟು. ಅಂಥ ರೋಗಿಯ ಕುತ್ತಿಗೆ, ಕೆನ್ನೆ, ಭುಜಗಳು ಊದಿಕೊಂಡು, ಬೆರಳಿನಿಂದ ಒತ್ತಿದರೆ ಚರಚರನೆ ಸದ್ದಾಗುತ್ತದೆ. ನೋಡಿದವರಿಗೆ ದಿಗಿಲಾಗುವುದು ಸಹಜ. ಆದರೆ ಆ ಊತಕ್ಕಿಂತ, ಅದರ ಹಿಂದೆ ಎದೆಯೊಳಗೆ ಏನು ನಡೆದಿದೆಯೆಂಬುದು ಮುಖ್ಯ.

ಇದು ಎಷ್ಟು ಜನರಿಗೆ ಬರುತ್ತದೆ ಎಂದು ಕೇಳಬಹುದು. ೨೦೨೦ರಲ್ಲಿ ಬ್ರಿಟನ್ನಿನ ೧೬ ಆಸ್ಪತ್ರೆ ಕೇಂದ್ರಗಳ ವೈದ್ಯರು ಕೂಡಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೋವಿಡ್‌ನಿಂದ ಆಸ್ಪತ್ರೆಗೆ ಸೇರಿದವರಲ್ಲಿ ಸರಿಸುಮಾರು ನೂರಕ್ಕೆ ಒಬ್ಬರಲ್ಲಿ ಶ್ವಾಸಕೋಶದ ಕುಸಿತ ಕಂಡುಬಂದಿತ್ತು. ವೆಂಟಿಲೇಟರಿನ ಮೇಲಿದ್ದವರಲ್ಲಿ ಈ ಪ್ರಮಾಣ ಇದಕ್ಕಿಂತ ಬಹಳ ಹೆಚ್ಚೆಂಬುದು ತರುವಾಯ ಅನೇಕ ದೇಶಗಳ ಅನುಭವದಿಂದ ತಿಳಿದುಬಂತು. ನೂರಕ್ಕೆ ಒಂದೆಂದರೆ ಅಲ್ಪವೆಂದು ತೋರಬಹುದು. ಸಾವಿರಾರು ಜನ ಏಕಕಾಲದಲ್ಲಿ ಹಾಸಿಗೆ ಹಿಡಿದ ಒಂದು ಬೇಸಗೆಯಲ್ಲಿ ಆ ಅಲ್ಪವೂ ಎಷ್ಟೋ ಮನೆಗಳ ಆಧಾರಸ್ತಂಭ. ನನ್ನ ಮಟ್ಟಿಗೆ ಆ ಅಧ್ಯಯನದ ಬಹುಮುಖ್ಯವಾದ ಅಂಶ ಬೇರೆಯದು: ಹೀಗೆ ಶ್ವಾಸಕೋಶ ಕುಸಿದವರಲ್ಲಿ ೨೮ ದಿನಗಳ ಅನಂತರ ಶೇಕಡ ೬೩ರಷ್ಟು ಮಂದಿ ಬದುಕಿದ್ದರು. ಇಷ್ಟು ಉಗ್ರವಾದ ರೋಗದ ಮೇಲೆ ಇಷ್ಟು ಉಗ್ರವಾದ ತೊಡಕು ಬಂದೆರಗಿದಾಗಲೂ ಮೂವರಲ್ಲಿ ಹೆಚ್ಚುಕಡಮೆ ಇಬ್ಬರು ಉಳಿದರು. ‘ಲಂಗ್ಸೇ ಹೋಗದೆ, ಇನ್ನೇನು ಮಾಡಕಾಗ್ತದೆ’ ಎಂದು ಕೈಚೆಲ್ಲುವ ನಮ್ಮ ಕಡೆಯ ಮಾತಿಗೆ ಇದಕ್ಕಿಂತ ಸಮರ್ಪಕವಾದ ಉತ್ತರ ಬೇರೊಂದಿಲ್ಲ. ಕುಸಿದದ್ದು ಹೋದದ್ದಲ್ಲ. ಸುತ್ತ ಸೇರಿದ ಗಾಳಿಯನ್ನು ಹೊರಕ್ಕೆ ಬಿಟ್ಟರೆ ಅದು ಮತ್ತೆ ಹಿಗ್ಗುತ್ತದೆ, ಮತ್ತೆ ಉಸಿರಾಡುತ್ತದೆ.

ಈ ಗಾಳಿಯನ್ನು ಹೊರಕ್ಕೆ ಬಿಡುವ ಕ್ರಮದ ಚರಿತ್ರೆಯಲ್ಲಿ ನಮ್ಮ ಪ್ರಕೃತ ವಿಷಯಕ್ಕೆ ತೀರ ಸಮೀಪವಾದ ಒಂದು ಘಟ್ಟವುಂಟು. ೧೯೧೮ರ ಇನ್‌ಫ್ಲುಯೆಂಜಾ, ಭಾರತವೊಂದರಲ್ಲಿಯೇ ಒಂದು ಕೋಟಿಗೂ ಮೀರಿದ ಜನರನ್ನು ಬಲಿ ತೆಗೆದುಕೊಂಡ ಆ ಮಹಾಮಾರಿ, ಅಮೆರಿಕದ ಸೈನಿಕ ಶಿಬಿರಗಳನ್ನೂ ಬಿಡಲಿಲ್ಲ. ದಡಾರ ಮತ್ತು ಇನ್‌ಫ್ಲುಯೆಂಜಾಗಳ ಬೆನ್ನಿಗೇ ಬಂದ ನ್ಯುಮೋನಿಯಾದಿಂದ ತರುಣ ಸೈನಿಕರ ಎದೆಗೂಡುಗಳಲ್ಲಿ ಕೀವು ತುಂಬಿಕೊಳ್ಳುತ್ತಿತ್ತು. ಕೀವಿದ್ದ ಕಡೆ ತಡಮಾಡದೆ ಕೊಯ್ದು ಬಿಡಬೇಕೆಂಬುದು ಶಸ್ತ್ರವೈದ್ಯರ ಪರಂಪರಾಗತ ನಂಬಿಕೆಯಾಗಿದ್ದುದರಿಂದ ಅವರು ಪಕ್ಕೆಯನ್ನು ಅಗಲವಾಗಿ ತೆರೆದು ಬಿಡುತ್ತಿದ್ದರು. ಹೊರಗಾಳಿ ಒಳನುಗ್ಗಿ, ಮೊದಲೇ ರೋಗದಿಂದ ಬಸವಳಿದಿದ್ದ ಶ್ವಾಸಕೋಶ ಕುಸಿದು, ಸೈನಿಕರು ಸಾಲುಸಾಲಾಗಿ ಸಾಯುತ್ತಿದ್ದರು. ಇದನ್ನು ಪರಿಶೀಲಿಸಲು ನೇಮಕವಾದ ಆಯೋಗದಲ್ಲಿದ್ದ ಎವಾರ್ಟ್ಸ್ ಗ್ರಹಾಮ್ ಎಂಬ ತರುಣ ಶಸ್ತ್ರವೈದ್ಯ, ಗಾಳಿ ಒಳಹೋಗದಂತೆ ಮುಚ್ಚಿದ ಕೊಳವೆಯ ಮೂಲಕವೇ ಕೀವನ್ನು ಹೊರತೆಗೆಯಬೇಕೆಂದೂ, ತೆರೆದ ಶಸ್ತ್ರಕ್ರಿಯೆಗೆ ಆತುರಪಡಬಾರದೆಂದೂ ಪ್ರಯೋಗಗಳಿಂದ ಸಾಧಿಸಿ ತೋರಿಸಿದ. ಶೇಕಡ ೩೦ರ ಆಸುಪಾಸಿನಲ್ಲಿದ್ದ ಮರಣಪ್ರಮಾಣ ಕೆಲವು ಶಿಬಿರಗಳಲ್ಲಿ ಶೇಕಡ ೫ರ ಆಸುಪಾಸಿಗೆ ಇಳಿಯಿತು. ಹೊಸ ಔಷಧವೊಂದೂ ಬರಲಿಲ್ಲ, ಪೆನಿಸಿಲಿನ್ನಿನ ಸುದ್ದಿ ಇನ್ನೂ ಹತ್ತು ವರ್ಷ ದೂರವಿತ್ತು; ಕ್ರಮ ಬದಲಾಯಿತು, ಅಷ್ಟೆ. ಕೊಳವೆಯ ತುದಿಯನ್ನು ನೀರಿನಲ್ಲಿ ಮುಳುಗಿಸಿಟ್ಟರೆ ಒಳಗಿನ ಗಾಳಿ ಗುಳ್ಳೆಗಳಾಗಿ ಹೊರಬಂದೀತೇ ಹೊರತು ಹೊರಗಿನ ಗಾಳಿ ಹಿಂದಿರುಗಲಾರದೆಂಬ ಸರಳ ಸೂತ್ರವನ್ನು ಅದಕ್ಕೂ ಮೊದಲೇ, ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಹ್ಯಾಂಬರ್ಗಿನ ಬ್ಯೂಲಾವ್ ಎಂಬ ವೈದ್ಯ ಬಳಕೆಗೆ ತಂದಿದ್ದ. ಇಂದು ಹಾಸನದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ವಾರ್ಡಿನಲ್ಲಿ ಯಾವ ರೋಗಿಯ ಮಂಚದ ಕೆಳಗೆ ನೀರಿನ ಬಾಟಲಿಯೊಂದು ಗುಳುಗುಳು ಎನ್ನುತ್ತಿರುವುದನ್ನು ಕಂಡರೂ ಅದು ಅದೇ ಸೂತ್ರದ ಮುಂದುವರಿಕೆ.

ಕ್ಷಯರೋಗಕ್ಕೆ ಔಷಧವಿಲ್ಲದ ಕಾಲದಲ್ಲಿ, ಇಟಲಿಯ ಫೋರ್ಲಾನಿನಿ ಎಂಬ ವೈದ್ಯನ ಮಾರ್ಗವನ್ನು ಅನುಸರಿಸಿ, ರೋಗಗ್ರಸ್ತ ಶ್ವಾಸಕೋಶಕ್ಕೆ ವಿಶ್ರಾಂತಿ ದೊರೆಯಲೆಂದು ವೈದ್ಯರೇ ಸೂಜಿಯಿಂದ ಗಾಳಿ ಬಿಟ್ಟು ಅದನ್ನು ಉದ್ದೇಶಪೂರ್ವಕವಾಗಿ ಕುಸಿಯಿಸುತ್ತಿದ್ದ ಪದ್ಧತಿಯೂ ಜಗತ್ತಿನ ಆರೋಗ್ಯಧಾಮಗಳಲ್ಲಿ ದಶಕಗಳ ಕಾಲ ರೂಢಿಯಲ್ಲಿತ್ತು. ಎದೆಯೊಳಗಿನ ಗಾಳಿಯ ವರ್ತನೆಯನ್ನು ನಮ್ಮ ಹಿಂದಿನವರು ಅಷ್ಟು ನಿಕಟವಾಗಿ ಅರಿತಿದ್ದರು.

ಇಷ್ಟು ಹಳೆಯ, ಇಷ್ಟು ನಿಶ್ಚಿತವಾದ ವಿದ್ಯೆಯಿದ್ದರೂ ರೋಗಿ ಸಾಯುವುದು ಯಾವಾಗ? ಯಾರೂ ನೋಡದೆ ಇದ್ದಾಗ; ನೋಡಿದರೂ ಕೈ ಮುಂದಾಗದೆ ಇದ್ದಾಗ. ಈ ಎರಡನ್ನೂ ಪ್ರತ್ಯೇಕವಾಗಿ ವಿಚಾರ ಮಾಡಬೇಕು. ಮೊದಲನೆಯದು ಗುರುತಿಸುವ ಪ್ರಶ್ನೆ.

೨೦೨೫ರ ಮೇ, ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಲ್ಲಿ ಎಳೆಯ ವಯಸ್ಸಿನವರೂ ಸೇರಿದಂತೆ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಹಠಾತ್ತಾಗಿ ಅಸುನೀಗಿದರೆಂಬ ವಾರ್ತೆ ನಾಡಿನ ತುಂಬ ಭಯವನ್ನು ಬಿತ್ತಿ, ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದಲೇ ಜನ ಸಾಲುಗಟ್ಟಿದ್ದು ಓದುಗರ ನೆನಪಿನಲ್ಲಿ ಇದ್ದೇ ಇರುತ್ತದೆ. ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ಆಗಿನ ನಿರ್ದೇಶಕರಾದ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿಯನ್ನು ನೇಮಿಸಿತು; ಜಿಲ್ಲೆಯಲ್ಲಿ ಹೃದಯಸಂಬಂಧಿ ಸಾವುಗಳು ಅಸಹಜವಾಗಿ ಏರಿವೆಯೆನ್ನಲು ಆಧಾರವಿಲ್ಲವೆಂದು ಆ ಸಮಿತಿ ವರದಿ ಮಾಡಿತು. ಆ ದುರ್ಮರಣಗಳಿಗೂ ನಾನು ಪ್ರಸ್ತಾಪಿಸುತ್ತಿರುವ ವಿಷಯಕ್ಕೂ ಸಂಬಂಧ ಕಲ್ಪಿಸುವುದು ನನ್ನ ಅಭಿಪ್ರಾಯವಲ್ಲ. ಆದರೆ ಆ ದಿನಗಳು ನಮ್ಮ ಜನರ ಮನಸ್ಸಿನಲ್ಲಿ ಒಂದು ಸಮೀಕರಣವನ್ನು ಬಲವಾಗಿ ನಿಲ್ಲಿಸಿಬಿಟ್ಟವು: ಎದೆನೋವೆಂದರೆ ಹೃದಯ, ಹೃದಯವೆಂದರೆ ಇಸಿಜಿ. ಇಸಿಜಿ ಸರಿಯಾಗಿದ್ದರೆ ಉಳಿದದ್ದು ಗ್ಯಾಸ್ಟ್ರಿಕ್. ಹೃದಯವನ್ನು ಮೊದಲು ಶಂಕಿಸುವುದು ಯುಕ್ತವೇ ಸರಿ. ಅದನ್ನು ನಾನು ಆಕ್ಷೇಪಿಸುವುದಿಲ್ಲ. ಹದಿನೈದು ದಿನದ ಕೆಳಗೆ ನ್ಯುಮೋನಿಯಾದಿಂದ ಎದ್ದವರು ‘ಎದೆ ಒಂದೇ ಮಗ್ಗುಲಲ್ಲಿ ಹಿಡ್ಕಂಡದೆ, ಉಸಿರು ಎಳೆದ್ರೆ ಚುಚ್ತದೆ’ ಎಂದು ಬಂದಾಗ, ಇಸಿಜಿಯಲ್ಲಿ ದೋಷ ಕಾಣಲಿಲ್ಲವೆಂಬ ಒಂದೇ ಕಾರಣದಿಂದ ಮಾತ್ರೆ ಕೊಟ್ಟು ಕಳುಹಿಸುವುದನ್ನು ಆಕ್ಷೇಪಿಸುತ್ತೇನೆ. ಫ್ರಾನ್ಸಿನ ಲಯನೆಕ್ ೧೮೧೬ರಲ್ಲಿ ಕಂಡುಹಿಡಿದ ಸ್ಟೆತಾಸ್ಕೋಪನ್ನು ಎದೆಯ ಎರಡು ಪಕ್ಕಕ್ಕೂ ಇಟ್ಟು ಆಲಿಸಿದರೆ, ಕುಸಿದ ಕಡೆ ಉಸಿರಿನ ಸದ್ದು ಕ್ಷೀಣವಾಗಿರುವುದು, ಎಷ್ಟೋ ವೇಳೆ ಇಲ್ಲವೇ ಇಲ್ಲದಿರುವುದು ಗೊತ್ತಾಗುತ್ತದೆ. ಬೆರಳಿನಿಂದ ತಟ್ಟಿದರೆ ಆ ಕಡೆ ಟೊಳ್ಳಾದ ನಾದ ಹೊಮ್ಮುತ್ತದೆ. ಒಂದು ಎಕ್ಸ್‌ರೇ ತೆಗೆದರೆ ಸಂಶಯ ಬಹುಮಟ್ಟಿಗೆ ಪರಿಹಾರವಾಗುತ್ತದೆ. ಇದಾವುದೂ ದುರ್ಲಭವಾದ ಪರೀಕ್ಷೆಯಲ್ಲ. ರೋಗಿಯ ಪೂರ್ವವೃತ್ತಾಂತವನ್ನು ಕೇಳುವ ವ್ಯವಧಾನ, ಎರಡು ಪಕ್ಕಗಳನ್ನೂ ಪರೀಕ್ಷಿಸುವ ಶ್ರದ್ಧೆ, ಇವು ಬೇಕು. ಹೊರರೋಗಿ ವಿಭಾಗದಲ್ಲಿ ಒಬ್ಬ ವೈದ್ಯರ ಮುಂದೆ ನೂರಾರು ಜನರನ್ನು ನಿಲ್ಲಿಸಿ ಆ ವ್ಯವಧಾನವನ್ನು ನಿರೀಕ್ಷಿಸುವುದು ಅನ್ಯಾಯವೆಂಬುದನ್ನೂ ಇಲ್ಲಿಯೇ ಹೇಳಬೇಕು.

ಎರಡನೆಯದು ದೂರದ ಪ್ರಶ್ನೆ. ನನ್ನ ಮುಖ್ಯವಾದ ವಾದ ಇರುವುದು ಇಲ್ಲಿಯೇ. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ, ಈ ಮೂರೂ ಊರುಗಳು ಹಾಸನಕ್ಕೆ ಸುಮಾರು ಮೂವತ್ತರಿಂದ ನಲವತ್ತು ಕಿಲೋಮೀಟರ್ ದೂರದಲ್ಲಿವೆ. ಆಂಬುಲೆನ್ಸ್ ಸಿದ್ಧವಾಗಿ ನಿಂತಿದ್ದರೂ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯ ಪ್ರಯಾಣ. ರಾಮನಾಥಪುರ, ಕೊಣನೂರುಗಳ ಆಚೆಯ ಹಳ್ಳಿಗಳವರಿಗೆ ಅರಕಲಗೂಡನ್ನು ಮುಟ್ಟುವುದೇ ಮೊದಲ ಪ್ರಯಾಸ. ಸಾಮಾನ್ಯವಾದ ಕುಸಿತದಲ್ಲಿ ಈ ಕಾಲಾವಧಿಯನ್ನು ರೋಗಿ ತಡೆದುಕೊಂಡಾನು. ಆದರೆ ಕುಸಿತದ ಒಂದು ಘೋರ ಪ್ರಭೇದವುಂಟು. ಪಂಪ್‌ಸೆಟ್ಟಿನ ಫುಟ್‌ವಾಲ್ವ್ ನೀರನ್ನು ಮೇಲಕ್ಕೆ ಬಿಟ್ಟು ಹಿಂದಕ್ಕೆ ಬಿಡದಿರುವುದನ್ನು ನಮ್ಮ ರೈತರು ಬಲ್ಲರಷ್ಟೆ. ಪುಪ್ಪುಸದ ಬಿರುಕು ಹಾಗೆಯೇ ಒಮ್ಮುಖವಾಗಿ ವರ್ತಿಸಿ, ಒಂದೊಂದು ಉಸಿರಿಗೂ ಇಷ್ಟಿಷ್ಟು ಗಾಳಿಯನ್ನು ಎದೆಗೂಡಿಗೆ ಬಿಟ್ಟು, ಬಿಟ್ಟದ್ದನ್ನು ಹಿಂದಕ್ಕೆ ಕೊಡದೆ ಹೋದರೆ, ಒಳಗಿನ ಒತ್ತಡ ಏರುತ್ತ ಏರುತ್ತ ಹೃದಯವನ್ನೂ ಮಹಾಸಿರೆಗಳನ್ನೂ ಎದುರು ಪಕ್ಕಕ್ಕೆ ಒತ್ತಿಬಿಡುತ್ತದೆ. ಹೃದಯಕ್ಕೆ ರಕ್ತ ಹಿಂದಿರುಗುವುದೇ ತಪ್ಪುತ್ತದೆ. ಕತ್ತಿನ ಸಿರೆಗಳು ಉಬ್ಬುತ್ತವೆ, ನಾಡಿ ಓಡುತ್ತದೆ, ರಕ್ತದೊತ್ತಡ ಇಳಿಯುತ್ತದೆ, ತುಟಿ ಉಗುರುಗಳು ನೀಲಿಗಟ್ಟುತ್ತವೆ. ಆ ಬಳಿಕ ಉಳಿದಿರುವುದು ಗಂಟೆಗಳಲ್ಲ, ನಿಮಿಷಗಳು. ಈ ಸ್ಥಿತಿಯಲ್ಲಿ ಎಕ್ಸ್‌ರೇಗಾಗಿ ಕಾಯುವುದೂ ಕೂಡದೆಂದು ವೈದ್ಯಶಾಸ್ತ್ರ ವಿಧಿಸಿದೆ. ಪಕ್ಕೆಲುಬುಗಳ ಸಂದಿಯಲ್ಲಿ ಗೊತ್ತಾದ ಜಾಗದಲ್ಲಿ ದಪ್ಪ ಸೂಜಿಯೊಂದನ್ನು ಚುಚ್ಚಿ ಗಾಳಿಯನ್ನು ತತ್‌ಕ್ಷಣ ಬಿಡಬೇಕು, ಆಮೇಲೆ ಕೊಳವೆ ಹಾಕಬೇಕು. ಆ ಸೂಜಿ ಹಾಸನದಲ್ಲಿದ್ದರೆ ಅರಕಲಗೂಡಿನ ರೋಗಿಗೆ ಪ್ರಯೋಜನವಿಲ್ಲ. ಅದು ಅರಕಲಗೂಡಿನಲ್ಲಿಯೇ ಇರಬೇಕು. ಅದನ್ನು ಹಿಡಿಯಬಲ್ಲ, ಹಿಡಿಯಲು ಹಿಂಜರಿಯದ ಕೈಯೂ ಅಲ್ಲಿಯೇ, ಹಗಲೂ ರಾತ್ರಿಯೂ ಇರಬೇಕು.

ಇನ್ನೊಂದು ಸೂಕ್ಷ್ಮವುಂಟು. ಕುಸಿತವನ್ನು ಗುರುತಿಸದೆ, ರೋಗಿಗೆ ಉಸಿರು ಸಾಲದೆಂದು ಬಗೆದು, ಒತ್ತಡದ ಯಂತ್ರವನ್ನು ಮುಖಕ್ಕೆ ಬಿಗಿದು ಆಂಬುಲೆನ್ಸಿನಲ್ಲಿ ಸಾಗಹಾಕಿದರೆ, ಆ ಯಂತ್ರ ಒತ್ತಿದ ಗಾಳಿಯೆಲ್ಲ ಬಿರುಕಿನ ಮೂಲಕ ಎದೆಗೂಡನ್ನು ಸೇರಿ, ಸಾಮಾನ್ಯ ಕುಸಿತವನ್ನೇ ಘೋರಕುಸಿತವನ್ನಾಗಿ ಪರಿವರ್ತಿಸಬಲ್ಲುದು. ಆದಕಾರಣ, ಉಗ್ರ ನ್ಯುಮೋನಿಯಾದ ರೋಗಿಯ ಸ್ಥಿತಿ ಹಠಾತ್ತಾಗಿ ಕೆಟ್ಟು, ಆತನನ್ನು ತಾಲ್ಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ಬೆಂಗಳೂರಿಗೋ ಮೈಸೂರಿಗೋ ಕಳುಹಿಸುವುದಕ್ಕೆ ಮುನ್ನ, ಎದೆಯೊಳಗೆ ಗಾಳಿ ಸೇರಿದೆಯೇ ಎಂದು ನೋಡಿ, ಸೇರಿದ್ದರೆ ಕೊಳವೆ ಹಾಕಿಯೇ ಕಳುಹಿಸುವುದು ಕಡ್ಡಾಯದ ನಿಯಮವಾಗಬೇಕು. ‘ರೆಫರ್’ ಎಂದು ಚೀಟಿ ಬರೆಯುವುದರಿಂದಲೇ ಹೊಣೆ ತೀರಿತೆಂಬ ಮನೋಭಾವ ಎಲ್ಲಿದ್ದರೂ ತ್ಯಾಜ್ಯ.

೨೦೨೧ರ ಎರಡನೆಯ ಅಲೆಯಲ್ಲಿ ಆಮ್ಲಜನಕವಿಲ್ಲದೆ ಚಾಮರಾಜನಗರದಲ್ಲಿ ಜನ ಸತ್ತ ಮೇಲೆ ಸರ್ಕಾರ ಎಚ್ಚೆತ್ತು, ರಾಜ್ಯದ ಜಿಲ್ಲಾ ತಾಲ್ಲೂಕು ಆಸ್ಪತ್ರೆಗಳಲ್ಲಿ ಆಮ್ಲಜನಕ ಘಟಕಗಳನ್ನು ನಿರ್ಮಿಸಿತು. ದಾನಿಗಳೂ ಉದ್ಯಮಗಳೂ ಕೈಜೋಡಿಸಿದವು. ಅದು ಸ್ತುತ್ಯವಾದ ಕೆಲಸ. ಆದರೆ ಆಮ್ಲಜನಕವೆಂಬುದು ಕುಸಿಯದ ಶ್ವಾಸಕೋಶಕ್ಕೆ ಆಹಾರ. ಕುಸಿದ ಶ್ವಾಸಕೋಶದ ಸುತ್ತ ಗಾಳಿಯ ಒತ್ತಡ ಏರುತ್ತಿರುವಾಗ ಅದು ಮೂಗಿನವರೆಗೆ ತಲುಪಿದರೂ ರಕ್ತಕ್ಕೆ ಸಾಕಷ್ಟು ತಲುಪದು. ಘಟಕಗಳ ಉದ್ಘಾಟನೆಗೆ ಫಲಕವುಂಟು, ಫೋಟೋ ಉಂಟು. ಒಬ್ಬ ಕಿರಿಯ ವೈದ್ಯೆಗೆ ಪಕ್ಕೆಯಲ್ಲಿ ಕೊಳವೆ ಹಾಕುವುದನ್ನು ಕಲಿಸಿದ್ದಕ್ಕೆ ಫಲಕವಿಲ್ಲ. ಆದರೂ ಈ ಎರಡನೆಯದನ್ನು ಮಾಡಿದ ಹೊರತು ಮೊದಲನೆಯದು ಪೂರ್ಣವಾಗುವುದಿಲ್ಲ. ೨೦೦೬ರಲ್ಲಿ ಸ್ಥಾಪಿತವಾದ ಹಾಸನ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಶಸ್ತ್ರವೈದ್ಯರಿದ್ದಾರೆ, ಶ್ವಾಸಕೋಶದ ವೈದ್ಯರಿದ್ದಾರೆ, ಅರಿವಳಿಕೆ ತಜ್ಞರಿದ್ದಾರೆ. ಜಿಲ್ಲೆಯ ತಾಲ್ಲೂಕು ಆಸ್ಪತ್ರೆಗಳ ವೈದ್ಯರನ್ನೂ ದಾದಿಯರನ್ನೂ ಸರದಿಯ ಮೇಲೆ ಅಲ್ಲಿಗೆ ಕರೆಸಿ, ಸೂಜಿಯಿಂದ ಗಾಳಿ ಬಿಡುವ ಹಾಗೂ ಕೊಳವೆ ಹಾಕುವ ಕ್ರಮವನ್ನು ಕೈಯಾರೆ ಮಾಡಿಸಿ ಕಲಿಸುವುದು, ವರ್ಷಕ್ಕೊಮ್ಮೆಯಾದರೂ ಅದನ್ನು ಮರಳಿ ಅಭ್ಯಾಸ ಮಾಡಿಸುವುದು ಅಸಾಧ್ಯವಾದ ಕಾರ್ಯವಲ್ಲ. ಕೊಳವೆ, ಬಾಟಲಿಗಳ ಬೆಲೆಯಂತೂ ಒಂದು ವೆಂಟಿಲೇಟರಿನ ಬೆಲೆಯ ಮುಂದೆ ಲೆಕ್ಕಕ್ಕೆ ಬಾರದು.

ಈ ಕೌಶಲ ನ್ಯುಮೋನಿಯಾದ ಕಾಲಕ್ಕೆ ಮಾತ್ರ ಉಪಯೋಗಕ್ಕೆ ಬರುವುದೆಂದು ಯಾರಾದರೂ ಆಕ್ಷೇಪಿಸಿದರೆ, ಚನ್ನರಾಯಪಟ್ಟಣದ ಮೂಲಕ ಹಾಯುವ ಬೆಂಗಳೂರು ಮಂಗಳೂರು ಹೆದ್ದಾರಿಯನ್ನು ತೋರಿಸಬೇಕು. ವಾಹನಾಪಘಾತದಲ್ಲಿ ಪಕ್ಕೆಲುಬು ಮುರಿದು ಶ್ವಾಸಕೋಶಕ್ಕೆ ಚುಚ್ಚಿಕೊಂಡವರಿಗೆ, ತೆಂಗಿನ ಮರದಿಂದ ಬಿದ್ದವರಿಗೆ, ಹೋರಿ ತಿವಿದವರಿಗೆ ಬೇಕಾಗುವುದೂ ಇದೇ ಸೂಜಿ, ಇದೇ ಕೊಳವೆ, ಇದೇ ಬಾಟಲಿ. ಮಹಾಮಾರಿ ಬರಲಿ ಬಾರದಿರಲಿ, ಕಲಿತ ಕೈ ವ್ಯರ್ಥವಾಗುವುದಿಲ್ಲ.

ರೋಗಿಯ ಜೊತೆಗಿರುವ ಮನೆಯವರಿಗೂ ಒಂದೆರಡು ಮಾತು ಹೇಳಬೇಕಾಗಿದೆ. ಎರಡನೆಯ ಅಲೆಯ ದಿನಗಳಿಂದ ನಮ್ಮ ಜನರಲ್ಲಿ ‘ಪೈಪು ಹಾಕಿದರೆ ಮುಗಿದೇ ಹೋಯಿತು’ ಎಂಬ ಭೀತಿ ಬೇರೂರಿದೆ. ಗಂಟಲಿನ ಮೂಲಕ ಶ್ವಾಸನಾಳಕ್ಕೆ ಹಾಕುವ ವೆಂಟಿಲೇಟರಿನ ಕೊಳವೆ ಬೇರೆ, ಪಕ್ಕೆಯ ಮೂಲಕ ಎದೆಗೂಡಿಗೆ ಹಾಕುವ ಕೊಳವೆ ಬೇರೆ. ಮೊದಲನೆಯದು ಗಾಳಿಯನ್ನು ಒಳಕ್ಕೆ ಕೊಡುವುದಕ್ಕೆ, ಎರಡನೆಯದು ಸೇರಬಾರದ ಕಡೆ ಸೇರಿದ ಗಾಳಿಯನ್ನು ಹೊರಕ್ಕೆ ತೆಗೆಯುವುದಕ್ಕೆ. ಎರಡನೆಯದನ್ನು ಹಾಕಿಸಿಕೊಂಡವರು ಎಚ್ಚರವಾಗಿರುತ್ತಾರೆ, ಮಾತಾಡುತ್ತಾರೆ, ಊಟ ಮಾಡುತ್ತಾರೆ. ಬಹುಪಾಲು ಕೆಲವು ದಿನಗಳಲ್ಲಿ ಶ್ವಾಸಕೋಶ ಹಿಗ್ಗಿ ನಿಂತದ್ದನ್ನು ಎಕ್ಸ್‌ರೇಯಲ್ಲಿ ಖಚಿತಪಡಿಸಿಕೊಂಡು ಅದನ್ನು ತೆಗೆದುಹಾಕುತ್ತಾರೆ. ಭಯದಿಂದ ಒಪ್ಪಿಗೆ ಕೊಡದೆ, ಸಹಿ ಹಾಕಿ ರೋಗಿಯನ್ನು ಊರಿಗೆ ಕರೆದೊಯ್ಯುವುದು ಬದುಕಬಹುದಾದವರನ್ನು ಕಳೆದುಕೊಳ್ಳುವ ದಾರಿ. ಬಾಟಲಿ ಯಾವಾಗಲೂ ರೋಗಿಯ ಎದೆಗಿಂತ ಕೆಳಗಿರಬೇಕು. ಎಕ್ಸ್‌ರೇಗೆ ಕರೆದೊಯ್ಯುವಾಗ ಅದನ್ನು ಮಂಚದ ಮೇಲೋ ರೋಗಿಯ ಮಡಿಲಿನಲ್ಲೋ ಇಡಕೂಡದು. ಕೊಳವೆ ಮಡಿಚಿಕೊಳ್ಳದಂತೆ, ರೋಗಿ ಮಗ್ಗುಲಾದಾಗ ಅದರ ಮೇಲೆ ಒರಗದಂತೆ ನೋಡಿಕೊಳ್ಳಬೇಕು. ನೀರಿನಲ್ಲಿ ಗುಳ್ಳೆಗಳೇಳುವುದು ಗಾಬರಿಗೆ ಕಾರಣವಲ್ಲ, ಒಳಗಿನ ಗಾಳಿ ಹೊರಬರುತ್ತಿದೆಯೆಂಬುದರ ಕುರುಹು. ಗುಳ್ಳೆ ನಿಂತು, ಅದರ ಜೊತೆಗೆ ಏದುಸಿರು ಹೆಚ್ಚಿದರೆ ಒಡನೆಯೇ ಸಿಸ್ಟರಿಗೆ ತಿಳಿಸಬೇಕು. ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲೆ, ವೈದ್ಯರು ಆಗಬಹುದೆನ್ನುವ ತನಕ ವಿಮಾನಪ್ರಯಾಣ ಕೂಡದು. ಭಾರ ಎತ್ತುವ ಕೆಲಸವನ್ನೂ ಮುಂದೂಡಬೇಕು.

ಬೀಡಿ ಸಿಗರೇಟುಗಳ ಮಾತನ್ನು ಇಲ್ಲಿ ಬಿಡಲಾಗದು. ಧೂಮಪಾನಿಗಳ ಶ್ವಾಸಕೋಶ ರೋಗವಿಲ್ಲದ ಕಾಲದಲ್ಲಿಯೇ ಕುಸಿಯುವ ಸಂಭವ ಹೆಚ್ಚೆಂಬುದು ದೀರ್ಘಕಾಲದಿಂದ ತಿಳಿದ ವಿಷಯ. ಅದರ ಮೇಲೆ ನ್ಯುಮೋನಿಯಾ ಬಂದರೆ ಕೇಳುವುದೇ ಬೇಡ. ಹೊಗೆಸೊಪ್ಪಿನ ಹರಾಜು ಮಾರುಕಟ್ಟೆಯಿರುವ ರಾಮನಾಥಪುರದ ಸುತ್ತಿನ ಹಳ್ಳಿಗಳಲ್ಲಿ ಇದನ್ನು ಹೇಳುವುದು ಅಪ್ರಿಯವಾಗಬಹುದು. ಆ ಬೆಳೆಯನ್ನು ನಂಬಿ ಬದುಕುವ ರೈತರ ಮೇಲೆ ತಪ್ಪು ಹೊರಿಸುವುದು ನನ್ನ ಉದ್ದೇಶವಲ್ಲ. ಬೆಳೆಯುವವರು ಸೇದದಿರಲಿ, ಒಮ್ಮೆ ನ್ಯುಮೋನಿಯಾದಿಂದ ಎದ್ದವರಂತೂ ಎಂದೆಂದಿಗೂ ಸೇದದಿರಲಿ, ಇಷ್ಟೇ ನನ್ನ ಪ್ರಾರ್ಥನೆ. ಹಿರಿಯರಿಗೆ, ಸಕ್ಕರೆ ಕಾಯಿಲೆಯವರಿಗೆ ಇನ್‌ಫ್ಲುಯೆಂಜಾದ ಲಸಿಕೆಯನ್ನು ವರ್ಷಕ್ಕೊಮ್ಮೆ ಹಾಕಿಸುವ ರೂಢಿ ನಮ್ಮ ಗ್ರಾಮಾಂತರದಲ್ಲಿ ಇನ್ನೂ ಬೆಳೆಯಬೇಕಾಗಿದೆ. ಬಿರುಕು ಬಿದ್ದ ಮೇಲೆ ಮಾಡುವ ಉಪಾಯಕ್ಕಿಂತ ನ್ಯುಮೋನಿಯಾವೇ ಬಾರದಂತೆ ತಡೆಯುವುದು ಲೇಸೆಂಬುದರಲ್ಲಿ ಎರಡು ಮಾತಿಲ್ಲ.

ಜಿಲ್ಲಾಡಳಿತವನ್ನೂ ಆರೋಗ್ಯ ಇಲಾಖೆಯನ್ನೂ ನಾನು ಕೇಳಿಕೊಳ್ಳುವುದು ಇಷ್ಟು: ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಆಸ್ಪತ್ರೆಗಳಲ್ಲಿ ರಾತ್ರಿಯ ವೇಳೆಯಲ್ಲಿಯೂ ಎಕ್ಸ್‌ರೇ ತೆಗೆಯುವವರು ಇರುವಂತೆ, ಎದೆಗೆ ಕೊಳವೆ ಹಾಕಬಲ್ಲ ವೈದ್ಯರೊಬ್ಬರು ಪ್ರತಿ ಪಾಳಿಯಲ್ಲಿಯೂ ಇರುವಂತೆ, ೧೦೮ ಆಂಬುಲೆನ್ಸಿನ ಸಿಬ್ಬಂದಿಗೆ ಈ ಅಪಾಯದ ಲಕ್ಷಣಗಳ ಪರಿಚಯವಿರುವಂತೆ ಮುಂದಿನ ಮಳೆಗಾಲದ ಜ್ವರಗಳು ಆರಂಭವಾಗುವುದಕ್ಕೆ ಮುನ್ನವೇ ವ್ಯವಸ್ಥೆ ಮಾಡಿರಿ. ಕೋವಿಡ್ ಕಾಲದಲ್ಲಿ ಆಕ್ಸಿಮೀಟರ್ ಹಿಡಿದು ಮನೆಮನೆಗೆ ನಡೆದ ಆಶಾ ಕಾರ್ಯಕರ್ತೆಯರಿಗೆ, ನ್ಯುಮೋನಿಯಾದಿಂದ ಗುಣವಾಗಿ ಬಂದವರನ್ನು ಮೊದಲ ಒಂದು ತಿಂಗಳು ವಿಚಾರಿಸಿಕೊಳ್ಳುವ ಕೆಲಸವನ್ನು ತಕ್ಕ ಗೌರವಧನದೊಂದಿಗೆ ವಹಿಸಿರಿ.

ಓದುಗರಲ್ಲಿಯೂ ಒಂದು ಕೋರಿಕೆ. ನಿಮ್ಮ ಮನೆಯಲ್ಲಿ ಉಗ್ರವಾದ ನ್ಯುಮೋನಿಯಾದಿಂದ ಎದ್ದವರು ಯಾರಾದರೂ ಇದ್ದು, ಅವರಿಗೆ ಹಠಾತ್ತಾಗಿ ಎದೆಯ ಒಂದು ಪಕ್ಕದಲ್ಲಿ ಚುಚ್ಚುವ ನೋವು ಬಂದರೆ, ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಹೊಸದಾಗಿ ದಮ್ಮು ಬರತೊಡಗಿದರೆ, ಕುತ್ತಿಗೆ ಊದಿಕೊಂಡರೆ, ಅದನ್ನು ನಿಶ್ಶಕ್ತಿಯೆಂದೋ ಗ್ಯಾಸ್ಟ್ರಿಕ್ ಎಂದೋ ಭಾವಿಸಿ ಬೆಳಗಾಗಲೆಂದು ಕಾಯಬೇಡಿ. ೧೦೮ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಗೆ ಹೋಗಿ, ಇಂತಿಷ್ಟು ದಿನದ ಕೆಳಗೆ ನ್ಯುಮೋನಿಯಾ ಆಗಿತ್ತೆಂದು ವೈದ್ಯರಿಗೆ ಮೊದಲ ಮಾತಿನಲ್ಲಿಯೇ ತಿಳಿಸಿ, ಇಸಿಜಿಯ ಜೊತೆಗೆ ಎದೆಯ ಎಕ್ಸ್‌ರೇಯನ್ನೂ ತೆಗೆಯಬೇಕೇ ಎಂದು ಕೇಳಿ.